ಸೊಲ್ಲೆತ್ತುವಾಕೆ

ಸಿಂಧನೂರಿನ ಕ್ಲಬ್ಬಿನಲ್ಲಿ ಇಸ್ಪೀಟಿನ ಮೇಜುಗಳನ್ನು ಗೋಡೆಗೆ ಸರಿಸಿ, ನಡುವೆ ಒಂದು ಎತ್ತರದ ಸ್ಟೂಲಿಟ್ಟು, ಅದರ ಮೇಲೆ ಹಳದಿ ಬೆಳಕು ಬಿಟ್ಟಿದ್ದರು. ಮುಂದಿನ ಸೋಫಾಗಳಲ್ಲಿ ರೈಸ್‌ಮಿಲ್ಲಿನವರು, ಗೊಬ್ಬರದಂಗಡಿಯವರು. ಪಂಪಾವತಿ ಬಾಗಿಲಿಗೆ ಹತ್ತಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

"ಯಾರ ಕಡೇರ್ರೀ ನೀವು?" ಎಂದ ಟಿಕೆಟ್ ಹರಿಯುತ್ತಿದ್ದ ಅಮೀನ್‌ಸಾಬ್.

"ಹಾಡಾಕಿ ಕಡೇಕಿ."

"ಹಂಗಂದ್ರ ಮುಂದ ಹೋಗ್ರಲಾ ಅಕ್ಕಾರ."

"ನಂದು ಮೊದಲಿಂದ್ಲೂ ಹಿಂದಿನ ಜಾಗಾನ ರೀ."

ಸುಳ್ಳಲ್ಲ. ಕಾಲೇಜಿನ ದಿನಗಳಲ್ಲಿ, ಇಂದು ಈ ಸ್ಟೂಲೇರಲಿದ್ದ ಶಾಹೀಸ್ತಾ ಮುಂದೆ ಹಾಡುವಳು, ಪಂಪಾವತಿ ದಪ್ಪು ಬಡಿಯುತ್ತ ಹಿಂದೆ ಸೊಲ್ಲೆತ್ತುವಳು. ವಳಕಮದಿನ್ನಿಯಲ್ಲಿ ಸಸಿ ಹಚ್ಚುವ ಹೆಣ್ಣಾಳುಗಳು ಕೂಲಿ ಹೆಚ್ಚಿಸಿರೆಂದು ಬದುವಿನ ಮೇಲೆ ಕೂತಾಗ, ಇಬ್ಬರೂ ಅಲ್ಲೇ ಕಟ್ಟಿದ ಹಾಡು ಊರೂರು ತಿರುಗಿತ್ತು. ಆ ಹಾಡಿಕೆಗೊಂದು ಕಟ್ಟಳೆ: ಮುಂದಿನಾಕೆ ಸಾಲು ಬಿಟ್ಟುಕೊಡಬೇಕು, ಹಿಂದಿನಾಕೆ ಎತ್ತಿಕೊಳ್ಳಬೇಕು. ಎರಡನ್ನೂ ಒಂದೇ ಬಾಯಿ ಹಾಡಿದರೆ ಹಾಡು ನೆಲಕ್ಕೆ ಬಿದ್ದಂತೆ.

ಆಮೇಲೆ ಶಾಹೀಸ್ತಾ ಗಿಟಾರ್ ಹಿಡಿದು ಊರು ಬಿಟ್ಟಳು, ಪಂಪಾವತಿ ಮಸ್ಕಿಯಲ್ಲಿ ನರ್ಸಾದಳು. ಬಾಡಿಗೆ ಕೋಣೆ, ಡ್ಯೂಟಿ, ಮತ್ತೆ ಕೋಣೆ. ಒಲೆ ಮುಂದೆ ಒಬ್ಬಳೇ ಗುನುಗಿದರೆ ತನ್ನ ದನಿ ತನಗೇ ಪರಕೀಯ. ಒಂದು ಸಲ, ಒಂದೇ ಸಲ ಆ ಸೊಲ್ಲನ್ನು ಅವಳ ಹಿಂದೆ ಎತ್ತಬೇಕು. ಅದಕ್ಕೇ ಬಸ್ಸು ಹತ್ತಿ ಬಂದಿದ್ದಳು.

ಶಾಹೀಸ್ತಾ ಹೊಸ ಹಾಡುಗಳನ್ನು ಹಾಡಿದಳು. ದನಿ ಒಡೆದಿತ್ತು, ಚಂದವಾಗಿ ಒಡೆದಿತ್ತು. ಕೊನೆಗೆ ಗಿಟಾರಿನ ಹೊಟ್ಟೆಯನ್ನು ದಪ್ಪಿನಂತೆ ಬಡಿದಳು. ಪಂಪಾವತಿಯ ಬೆನ್ನು ನೆಟ್ಟಗಾಯಿತು.

"ಕೆಸರು ನಮ್ಮ ಕಾಲಾಗ, ನೆಲ್ಲು ಯಾರ ಮನ್ಯಾಗ?"

ಪಂಪಾವತಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಶಾಹೀಸ್ತಾ ಕಾಲಡಿಯ ಪೆಡಲ್ ಒತ್ತಿದಳು. ಮೊದಲೇ ಅದರಲ್ಲಿ ತುಂಬಿಟ್ಟಿದ್ದ ಅವಳದೇ ದನಿ ಸ್ಪೀಕರಿನಿಂದ ಸೊಲ್ಲೆತ್ತಿತು: "ಹೇಳ್ರಿ ಯಾರ ಮನ್ಯಾಗ?"

ಎರಡನೆಯ ಸಲ ಪಂಪಾವತಿ ಯಂತ್ರಕ್ಕಿಂತ ಮೊದಲೇ ಎತ್ತಿದಳು. ತಲೆಗಳು ಹೊರಳಿದವು.

"ಶ್! ಸುಮ್ನಿರ್ರೀ, ವಿಡಿಯೋ ಮಾಡಾಕತ್ತೀವಿ" ಎಂದನೊಬ್ಬ.

ಶಾಹೀಸ್ತಾ ಬೆಳಕಿಗೆ ಕಣ್ಣು ಕಿರಿದು ಮಾಡಿ ಕತ್ತಲೊಳಗೆ ನೋಡಿದಳು.

"ಪಂಪೀ? ನೀನೇನಬೇ! ಕಳ್ಳಿ ಹಂಗ ಮೂಲ್ಯಾಗ ಕುಂತೀಯಲ್ಲ. ಎತ್ತಬೇ, ಈ ಡಬ್ಬಿ ಬಂದ್ ಮಾಡ್ತೀನಿ."

ಸಾಲು ಮತ್ತೆ ಬಂತು. ಪಂಪಾವತಿ ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಸೋಫಾದ ಸಾಹುಕಾರ ಆದಪ್ಪ, ಅಂದು ಬದುವಿಗೆ ಪೊಲೀಸರನ್ನು ಕರೆಸಿದವನು, ಚಪ್ಪಾಳೆ ತಟ್ಟುತ್ತ ಎತ್ತಿಯೇಬಿಟ್ಟ: "ಹೇಳ್ರಿ ಯಾರ ಮನ್ಯಾಗ?" ಸೋಫಾಗಳೆಲ್ಲ ಅವನ ಹಿಂದೆ ಎತ್ತಿದವು. ನಕ್ಕರು, ಭುಜ ಕುಣಿಸಿದರು.

ಪಂಪಾವತಿ ಬಾಯಿ ಮುಚ್ಚಿಕೊಂಡಳು.

"ಯಾಕವ್ವಾ ನಿಲ್ಲಿಸಿದಿ? ಹಾಡು, ಹಾಡು!" ಎಂದ ಆದಪ್ಪ.

"ಯಾರ ಮನ್ಯಾಗೈತಿ ಅಂತ ಗೊತ್ತಿದ್ದವ್ರು ಕೇಳಬಾರದ್ರೀ ಸಾಹುಕಾರ್ರ. ಹೇಳಬೇಕು."

ಇದೂ ಕಾರ್ಯಕ್ರಮದ ಭಾಗವೇ ಎಂಬಂತೆ ಹಾಲ್ ಶಿಳ್ಳೆ ಹೊಡೆಯಿತು. ಶಾಹೀಸ್ತಾ ನಗಲಿಲ್ಲ. ಆದರೆ ಅವಳ ಬೆರಳುಗಳು ನಿಲ್ಲಲೂ ಇಲ್ಲ. ಮುಂದಿನ ಸಾಲು ಬಿಟ್ಟುಕೊಟ್ಟಳು, ಸೋಫಾಗಳು ಎತ್ತಿಕೊಂಡವು.

ಪಂಪಾವತಿ ಎದ್ದು ಹೊರಬಿದ್ದಳು. ಸೊಲ್ಲು ರಸ್ತೆಯವರೆಗೂ ಕೇಳುತ್ತಿತ್ತು. ಅಷ್ಟೊಂದು ಜನ ಒಟ್ಟಾಗಿ ಅದನ್ನು ಎತ್ತಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.