ಎರಡು ಚಪ್ಪಾಳೆ

ಚಪ್ಪಲಿ ಎಲ್ಲಿ ಬಿಡುವುದು? ಹೊಸ್ತಿಲ ಹತ್ತಿರ ಬಿಟ್ಟರೆ ಸೊಕ್ಕು ಎನಿಸೀತು. ದೊಡ್ಡ ಬಾಗಿಲ ಆಚೆಯೇ ಬಿಟ್ಟರೆ ಅಜ್ಜ ಬಿಟ್ಟ ಹಾಗೆಯೇ ಆಯಿತು. ಅವನ್ನು ಕೈಯಲ್ಲಿ ಹಿಡಿದು ನಿಂತಿದ್ದೇನೆಂದು ಕಾಂತೇಶನಿಗೆ ಅರಿವಾದದ್ದು ಮಗಳು ನಕ್ಕಾಗ.

"ಪಪ್ಪಾ, ಚಪ್ಪಲ್ ಯಾಕ ಕೈಯಾಗ ಹಿಡದಿ?"

ಅವನು ಬೈಲಹೊಂಗಲದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾನೆ. ಹೂಲಿಯ ಕಡೆಯ ಈ ಜಮೀನುದಾರಿ ವಾಡೆ ಅದೇ ಕಾಲೇಜಿನಲ್ಲಿ ಗಣಿತ ಕಲಿಸುವ ಕಲ್ಮೇಶನದು. ಊಟದ ಕರೆಯನ್ನು ಮೂರು ವರ್ಷ ತಪ್ಪಿಸಿದ್ದಾಗಿತ್ತು. ಈ ಸಲ ಕಲ್ಮೇಶ ಮಗಳು ಸ್ನೇಹಲ್‌ಳನ್ನೇ ಕರೆದುಬಿಟ್ಟಿದ್ದ.

ಕಾಂತೇಶನ ಅಜ್ಜ ಸೋಮಪ್ಪ ಇದೇ ವಾಡೆಯಲ್ಲಿ ಮೂವತ್ತೊಂದು ವರ್ಷ ಜೀತಕ್ಕಿದ್ದ. ಕಲ್ಮೇಶನಿಗೆ ಗೊತ್ತಿಲ್ಲ. ಗೊತ್ತಿದ್ದೂ ಸುಮ್ಮನಿದ್ದಾನೆಯೇ? ಕಾಂತೇಶನಿಗೆ ಅದರ ಭಯವಿರಲಿಲ್ಲ. ತನ್ನ ಮೈ ಮಗಳೆದುರು ಏನನ್ನಾದರೂ ಒದರಿಬಿಟ್ಟರೆ ಎಂಬುದೇ ಭಯ.

"ಬರ್ರಿ ಸರ, ಬೀಗರಂಗ ಹೊರಗ ಯಾಕ ನಿಂತೀರಿ?" ಎಂದ ಕಲ್ಮೇಶ. "ನಿಮ್ಮದ ಮನಿ ಅಂತ ತಿಳೀರಿ."

ಈ ಮನೆಯಲ್ಲಿ ಅಜ್ಜನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಮಾಳಿಗೆಯಿಂದ ಎರಡು ಚಪ್ಪಾಳೆ. ಅದೇ ಅವನ ಹೆಸರು. ಬಾಯಲ್ಲಿ ತುತ್ತಿದ್ದರೂ ಏಳಬೇಕು. ಹಾಗಾಗಿ ಅವನು ಸಾಯುವ ತನಕ ಕುಕ್ಕರಗಾಲಲ್ಲೇ ಉಂಡ. ಅಪ್ಪ ಭೀಮಶಿ ಪೋಸ್ಟ್‌ಮನ್ ಆದಮೇಲೂ ಹಾಗೆಯೇ ಉಂಡ. ಕಾಂತೇಶ ಟೇಬಲ್ಲು ತಂದ. ಆದರೆ ಅವರ ಮನೆಯಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಮಗಳ ಹುಟ್ಟುಹಬ್ಬಕ್ಕೂ. ಯಾಕೆಂದು ಹೆಂಡತಿ ಪೂನಮ್ ಕೇಳಿದ್ದಳು.

"ಸಪ್ಪಳ ಸೇರೂದಿಲ್ಲ" ಎಂದಿದ್ದ.

ಅಂಗಳದ ಪಕ್ಕದ ಪಡಸಾಲೆಯಲ್ಲಿ ಟೇಬಲ್ಲಿಗೆ ಕೂತಾಗ ಕಲ್ಮೇಶನ ಹೆಂಡತಿ ಐಶ್ವರ್ಯಾ ಬಿಸಿ ರೊಟ್ಟಿ, ಎಣಗಾಯಿ ಬಡಿಸಿದಳು.

"ಎಷ್ಟನೇತ್ತಾ ಈಗ, ಪುಟ್ಟಿ?"

"ಮೂರನೇತ್ತಾರಿ."

"ನಿಮ್ಮಪ್ಪನಗತೆ ಕಡಿಮಿ ಮಾತಾಡ್ತಿ ನೋಡು."

ಎಲ್ಲರೂ ನಕ್ಕರು. ಕಾಂತೇಶನೂ ನಕ್ಕ. ಬೆನ್ನನ್ನು ಕುರ್ಚಿಗೆ ಆನಿಸಿದ. ಇಷ್ಟೇ ತಾನೆ, ಎನಿಸಿತು.

ಮಾಳಿಗೆಯಿಂದ ಎರಡು ಚಪ್ಪಾಳೆ ಕೇಳಿತು.

ಅವನ ಕುರ್ಚಿ ಹಿಂದಕ್ಕೆ ಬಿತ್ತು. "ಬಂದ್ನಿರೀ!" ಆ ದನಿ ಅವನದಾಗಿರಲಿಲ್ಲ.

"ಏನಾತ್ರಿ ಸರ? ನಮ್ಮಪ್ಪಾರ ಅವರು. ಮ್ಯಾಲ ಜ್ವಾಳಾ ಒಣಾಕ ಹಾಕೇವಿ, ಗುಬ್ಬಿ ಓಡಸಾಕ ಹತ್ಯಾರ."

"ಕಾಲು ಜೋಮು ಹಿಡದಿತ್ರಿ."

"ಕುಂಡ್ರರಿ, ಕುಂಡ್ರರಿ."

ಕೂರಬೇಕೆಂದು ಕುರ್ಚಿಯನ್ನು ಎತ್ತಿದಾಗ ಸ್ನೇಹಲ್ ಕಂಡಳು. ಅವಳು ನಿಂತಿದ್ದಳು. ತಟ್ಟೆ ಸರಿಸಿ, ಮುಂಗೈಯಿಂದ ಬಾಯಿ ಒರೆಸಿಕೊಂಡು, ಮಾಳಿಗೆಯತ್ತ ನೋಡುತ್ತಿದ್ದಳು. ತನ್ನನ್ನು ನೋಡಿ ಎದ್ದಳೇ? ತನಗಿಂತ ಮೊದಲೇ ಎದ್ದಿದ್ದಳೇ?

"ಪಪ್ಪಾ," ಪಿಸುಗುಟ್ಟಿದಳು, "ನಾ ಹೋಗಲೇನು?"

ಮನೆಯಲ್ಲಿ ಅವಳು ಕುರ್ಚಿಯ ತುದಿಯಲ್ಲಿ, ಒಂದು ಕಾಲು ನೆಲಕ್ಕೂರಿ ಉಣ್ಣುತ್ತಿದ್ದುದು ನೆನಪಾಯಿತು. ಓಡಿಹೋಗೋರಂಗ ಉಣ್ತಿ, ಎಂದು ಪೂನಮ್ ದಿನವೂ ಬೈಯುತ್ತಿದ್ದಳು. ಅವನು ಅದನ್ನು ಹುಡುಗಾಟಿಕೆ ಎಂದುಕೊಂಡಿದ್ದ.

ಮತ್ತೆ ಎರಡು ಚಪ್ಪಾಳೆ. ಗುಬ್ಬಿಗಳು ಅಂಗಳದ ಮೇಲೆ ಬುರ್ರನೆ ಹಾರಿ, ಎದುರಿನ ಗೋಡೆಯ ಮೇಲೆ ಸಾಲಾಗಿ ಕೂತವು. ಒಂದೂ ರೆಕ್ಕೆ ಮಡಚಲಿಲ್ಲ.

ಮಗಳ ಹಿಮ್ಮಡಿ ನೆಲದಿಂದ ಮೇಲೆದ್ದಿತ್ತು.

ಕೂತು ಉಣ್ಣವ್ವಾ, ಕರೆದದ್ದು ನಿನ್ನನ್ನಲ್ಲ, ಎಂದು ಅವನು ಆ ದಿನ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.