ಹಿಂದಿನ ಗೋಡೆಯ ಯಶೋಧಾ

"ಹುಲಿಗೆವ್ವ, ನಿನ್ನ ಮಗಳು ಕೂತ ಕಡೆ ಮುಳ್ಳು ಅದಾವೇನ? ಚಣಾ ಒಂದ್ ಕಡೆ ಕೂಡಂಗಿಲ್ಲ!" ಎಂದರು ಹೆಡ್‌ಮಾಸ್ತರ ಬಸಂತರಾಯರು. "ಆರು ತಿಂಗಳ ಪರೀಕ್ಷಾ ಬಂದಾವ. ಪರೀಕ್ಷಾದಾಗ ಜಾಗಾ ಬಿಟ್ಟು ಎದ್ಲಂದ್ರ ಸಾಲಿಯಿಂದ ಹೆಸರು ತಗೀತೇನಿ. ಲಿಂಬಿ ತ್ವಾಟಕ್ಕ ಕರ್ಕೊಂಡು ಹೋಗು. ಅಲ್ಲಿ ಚುರುಕ ಕೈ ಬೇಕಾಗ್ತಾವ."

ಇಂಡಿ ತಾಲೂಕಿನ ಒಂದು ಹಳ್ಳಿ, ೧೯೯೮ರ ದಸರೆಯ ಮುಂಚಿನ ಮಾತು. ಹುಲಿಗೆವ್ವ ಗೌಡರ ತೋಟದಲ್ಲಿ ಲಿಂಬೆ ಹರಿಯುವವಳು. ಮಗಳು ಯಶೋಧಾ ಐದನೆಯ ಇಯತ್ತೆ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಹೇಳಿಬಿಡುವಳು. ಪಾಠದ ನಡುವೆ ಟ್ರ್ಯಾಕ್ಟರ್ ಸದ್ದಾದರೆ ಕಿಟಕಿಯಲ್ಲಿ ಇರುವಳು. ಬರೆಯುವ ಪಾಟಿಯನ್ನು ಎಲ್ಲಿಟ್ಟೆನೆಂದು ಅವಳಿಗೇ ನೆನಪಿರುತ್ತಿರಲಿಲ್ಲ.

ಅದೇ ವರ್ಗದಲ್ಲಿ ಗೌಡರ ಮಗ ಸಂಗಮೇಶನೂ ಇದ್ದ. ಅವನದೂ ಇದೇ ಚಡಪಡಿಕೆ. ಅವನು ಮೇಜು ಹತ್ತಿದರೆ "ಭಾಳ ಚುರುಕ ಹುಡುಗ". ಯಶೋಧಾ ಎದ್ದು ನಿಂತರೆ "ಕೇರಿಯ ಸೊಕ್ಕು". ಅವನನ್ನು ಜೀಪಿನಲ್ಲಿ ಸೊಲ್ಲಾಪುರಕ್ಕೆ ಒಯ್ದು ತೋರಿಸಿ ಗುಳಿಗೆ ತಂದರು. ಗುಳಿಗೆಯಿಂದ ಹುಡುಗನಿಗೆ ಒಳ್ಳೆಯದೇ ಆಯಿತು. ಆಗಲಿ, ಮಗು ಯಾರದಾದರೂ ಮಗುವೇ. ಆದರೆ ಒಂದೇ ಬೇನೆಗೆ ಊರು ಎರಡು ಮದ್ದು ಬರೆದಿತ್ತು: ಗೌಡರ ಮಗನಿಗೆ ಗುಳಿಗೆ, ಹುಲಿಗೆವ್ವನ ಮಗಳಿಗೆ ಕೂಲಿ.

ಪಕ್ಕದ ಮನೆಯ ರೇವವ್ವ ಮೂರನೆಯದೊಂದು ಮದ್ದು ಹೇಳಿದಳು. "ಹೊಟ್ಟಿ ಮ್ಯಾಲ ಬರಿ ಹಾಕಸವ್ವ. ಗಪ್ಪ ಆಗ್ತಾಳ."

"ಮೊದಲ ನಿನ್ನ ನಾಲಿಗಿಗೆ ಹಾಕಸ್ಕೊ," ಎಂದಳು ಹುಲಿಗೆವ್ವ. "ಅದೂ ಒಂದ್ ಕಡೆ ನಿಲ್ಲಂಗಿಲ್ಲ."

ವರ್ಗದ ಶಿಕ್ಷಕಿ ಬಿಬಿಜಾನ ಅಕ್ಕೋರು ದಿನಾ ಇಂಡಿಯಿಂದ ಟೆಂಪೋದಲ್ಲಿ ಬರುವವರು. ಒಂದು ಸಂಜೆ ಅವರು ತಾಯಿ-ಮಗಳಿಬ್ಬರನ್ನೂ ಅದೇ ಟೆಂಪೋಗೆ ಹತ್ತಿಸಿಕೊಂಡು ಇಂಡಿಯ ಮಕ್ಕಳ ಡಾಕ್ಟರ ಬಳಿ ಕೂರಿಸಿದರು. ಡಾಕ್ಟರು ಹುಡುಗಿಯ ಜೊತೆ ಬಹಳ ಹೊತ್ತು ಮಾತಾಡಿ ಹೇಳಿದರು:

"ಇದು ಸೊಕ್ಕಲ್ಲ, ಗಾಳಿ ಸೋಕಿದ್ದೂ ಅಲ್ಲ. ಗುಳಿಗಿ ಐತಿ, ಬೇಕಾದ್ರ ಕೊಡೂಣು. ಅದಕ್ಕೂ ಮೊದಲ ಒಂದಿಷ್ಟು ಮಾಡಿ ನೋಡ್ರಿ. ಸಾಲಿಗೆ ಹೋಗೂ ಮುಂಚೆ ದಣಿವಂಗ ಓಡಸ್ರಿ. ಹೊತ್ತಿಗೆ ಸರಿಯಾಗಿ ಮಲಗಸ್ರಿ. ಒಂದು ಸಲಕ್ಕ ಒಂದ ಮಾತು ಹೇಳ್ರಿ. ಹೊಡೀಬ್ಯಾಡ್ರಿ. ಇಷ್ಟಕ್ಕ ಸಾಲದಿದ್ರ ಮತ್ತ ಬರ್ರಿ, ನಾಚಬ್ಯಾಡ್ರಿ."

ಹೊರಗೆ ಬಂದು ಹುಲಿಗೆವ್ವ ಅಂದಳು, "ಅಕ್ಕೋರ, ಓಡಸೂದು ಮಲಗಸೂದು ನಮ್ಮ ಕಡೆ. ಕೂಡಸೂದು ನಿಮ್ಮ ಕಡೆ."

"ಕೂಡಸೂದು ಯಾಕವಾ? ನಿಂತು ಬರದ್ರ ಅಕ್ಷರ ಓಡಿ ಹೋಗ್ತಾವೇನ?"

ಆ ರವಿವಾರ ಇಬ್ಬರೂ ಸೇರಿ ಇದ್ದಿಲು ಅರೆದು, ಹೀರೆ ಎಲೆಯ ರಸ ಬೆರೆಸಿ, ವರ್ಗದ ಹಿಂದಿನ ಗೋಡೆಯನ್ನು ಯಶೋಧಾಳ ಎತ್ತರಕ್ಕೆ ಕಪ್ಪು ಮಾಡಿದರು. ಕುಂಕುಮವಿಟ್ಟ ಕೈ, ಕುರಾನು ಹಿಡಿದ ಕೈ ಎರಡೂ ಮೊಣಕೈತನಕ ಮಸಿ. ಸೋಮವಾರದಿಂದ ಹುಡುಗಿ ಅಲ್ಲಿ ನಿಂತು ಲೆಕ್ಕ ಮಾಡತೊಡಗಿದಳು. ಪಾಠವನ್ನು ಅಕ್ಕೋರು ತುತ್ತು ತುತ್ತಾಗಿ ಮುರಿದು ಕೊಟ್ಟರು. ಒಂದು ತುತ್ತು ಮುಗಿದರೆ ಸೀಮೆಸುಣ್ಣದ ಖಡು ತರಲು ಕಳಿಸುವರು, ಬಂದರೆ ಮತ್ತೊಂದು ತುತ್ತು. ಮಗ್ಗಿಯನ್ನು ಅಂಗಳದಲ್ಲಿ ಹೆಜ್ಜೆ ಹಾಕುತ್ತ ಹೇಳಿಸಿದರು. ಯಾವ ತರಬೇತಿಯಲ್ಲೂ ಅವರಿಗೆ ಇದನ್ನು ಕಲಿಸಿರಲಿಲ್ಲ. ಸಿಟ್ಟು ಬಂದಾಗ ಸೆರಗಿನ ತುದಿಯನ್ನು ಹಿಂಡುತ್ತಿದ್ದರು, ಹುಡುಗಿಯ ಕಿವಿಯನ್ನಲ್ಲ. ಅಂಥ ತಾಳ್ಮೆಗೆ ಯಾವ ಸರಕಾರವೂ ಪಗಾರ ಕೊಡುವುದಿಲ್ಲ.

ಬೆಳಗ್ಗೆ ಓಡಿಸುವ ಕೆಲಸ ಅಪ್ಪ ಭೀಮಶ್ಯಾನ ಪಾಲಿಗೆ ಬಂತು. ಧೋತರ ಮೇಲೆ ಕಟ್ಟಿ ಮಗಳ ಮುಂದೆ ಹಳ್ಳದ ತನಕ ಓಡುವವನನ್ನು ನೋಡಿ ಚಹಾದ ಅಂಗಡಿ ನಕ್ಕಿತು.

"ಏ ಭೀಮಶ್ಯಾ, ಯಾವ ಪೊಲೀಸ ಬೆನ್ನ ಹತ್ಯಾನೋ?"

"ಪೊಲೀಸ ಆಗಿದ್ರ ತಪ್ಪಿಸ್ಕೋತಿದ್ನೋ! ಮಗಳು ಅದಾಳ!"

ಚಡಪಡಿಕೆ ಹೋಗಲಿಲ್ಲ. ಪಾಟಿ ಈಗಲೂ ಕಳೆಯುತ್ತಿತ್ತು. ಆದರೆ ಹಿಡಿದ ಲೆಕ್ಕವನ್ನು ಮುಗಿಸುವ ದಿನಗಳು ಹೆಚ್ಚಾದವು. ರಾತ್ರಿ ಉಂಡವಳೇ ನಿದ್ದೆ ಹೋಗುತ್ತಿದ್ದಳು.

ಗಣಿತದ ಪರೀಕ್ಷೆಗೆ ಬಸಂತರಾಯರು ತಾವೇ ಬಂದು ಕೂತರು. ಎಲ್ಲರೂ ನೆಲದ ಮೇಲೆ, ಸಾಲಾಗಿ. ತೋಟದ ಕೆಲಸ ಬಿಟ್ಟು ಬಂದ ಹುಲಿಗೆವ್ವ ಹೊರಗೆ ಕಟ್ಟೆಯ ಮೇಲಿದ್ದಳು. ಯಶೋಧಾ ಮೊಣಕಾಲು ಅಲ್ಲಾಡಿಸಿದಳು, ಪೆನ್ಸಿಲ್ ಕಚ್ಚಿದಳು, ತಡೆದಳು, ತಡೆದಳು. ಕೊನೆಗೆ ರಟ್ಟಿನ ಪ್ಯಾಡ್ ಎತ್ತಿಕೊಂಡು ನಡೆದೇಬಿಟ್ಟಳು, ಹಿಂದಿನ ಗೋಡೆಗೆ.

"ಎದ್ಲು! ಮುಗೀತು!" ಬಸಂತರಾಯರು ಮೇಜು ಗುದ್ದಿದರು.

"ಸರ್ರ, ಬರಿಯೂದು ಕೈಲೆ. ಕಾಲು ಏನರ ಮಾಡ್ಲಿ," ಎಂದರು ಬಿಬಿಜಾನ ಅಕ್ಕೋರು.

"ನೀವು ಸುಮ್ಮನಿರ್ರಿ. ಸಾಲಿಗೊಂದು ಶಿಸ್ತು ಐತಿ."

ಅಷ್ಟರಲ್ಲಿ ಹುಲಿಗೆವ್ವ ಬಾಗಿಲಲ್ಲಿದ್ದಳು. ತಲೆಯ ಮೇಲಿನ ಸೆರಗು ಸರಿದಿತ್ತು, ಸರಿಪಡಿಸಿಕೊಳ್ಳಲಿಲ್ಲ.

"ಮಾಸ್ತರ, ನಮ್ಮಪ್ಪ ಸಾಲಿ ಕಲಿಯಾಕ ಹೋದ್ರ ಒಳಗ ಕೂಡಾಕ ಕೊಡಲಿಲ್ಲ. ಕಿಟಕಿ ಹೊರಗ ನಿಂತು ಕೇಳ್ಯಾನ. ಮಳ್ಯಾಗ ನಿಂತಾನ, ಬಿಸಲಾಗ ನಿಂತಾನ. ಅವತ್ತ ನಮಗ 'ನಿಲ್ಲು' ಅಂದ್ರಿ. ಇವತ್ತ ನನ್ನ ಮಗಳು ನಿಂತು ಬರೀತೇನಿ ಅಂದ್ರ 'ಕೂಡು' ಅಂತೀರಿ. ನಮ್ಮ ಕಾಲು ನಿಮ್ಮ ಹುಕುಂ ಬಂದಂಗ ಮಡಚಬೇಕೇನ್ರಿ? ಎದ್ದಾಳ ಖರೆ. ಓಡಿ ಹೋಗ್ಯಾಳೇನು? ನೋಡ್ರಿ, ಬರಿಯಾಕ ಎದ್ದಾಳ."

ವರ್ಗವೆಲ್ಲ ಪೆನ್ಸಿಲ್ ನಿಲ್ಲಿಸಿತ್ತು. ಬಸಂತರಾಯರು ಗುದ್ದಿದ ಮುಷ್ಟಿಯನ್ನು ಮೇಜಿನಿಂದ ತೆಗೆದರು. ಕೆಟ್ಟ ಮನುಷ್ಯನಲ್ಲ ಅವರು. ಇಂಥ ಪ್ರಶ್ನೆಯನ್ನು ಇದುವರೆಗೆ ಯಾರೂ ಅವರಿಗೆ ಕೇಳಿರಲಿಲ್ಲ, ಅಷ್ಟೇ. ಎದ್ದು ಹಿಂದಿನ ಗೋಡೆಗೆ ಹೋಗಿ ಯಶೋಧಾಳ ಹೆಗಲ ಮೇಲಿಂದ ಬಾಗಿ ನೋಡಿದರು. ಒಂದೊಂದೇ ಲೆಕ್ಕದ ಮೇಲೆ ಬೆರಳು ಇಳಿದು ಬಂತು. ಒಂದರ ಮೇಲೆ ನಿಂತಿತು.

"ಇದು ತಪ್ಪೈತಿ."

"ಗೊತ್ತೈತ್ರಿ," ಎಂದಳು ಯಶೋಧಾ, ತಿರುಗದೆ. "ನೀವು ನಮ್ಮವ್ವನ ಕೂಡ ಜಗಳ ಮಾಡಾಕತ್ತಿದ್ರಿ. ಅದನ್ನ ಕೇಳಾಕತ್ತಿದ್ನಿ."

ಯಾರೋ ಕಿಸಕ್ಕೆಂದರು. ಬಸಂತರಾಯರು ಒಮ್ಮೆ ಬಾಗಿಲಲ್ಲಿದ್ದ ಹುಲಿಗೆವ್ವನನ್ನು, ಒಮ್ಮೆ ಅಕ್ಕೋರನ್ನು ನೋಡಿದರು.

"ಹೆಸರು ತಗಿಯಂಗಿಲ್ಲ," ಎಂದರು, ದನಿ ಇಳಿಸಿ. "ಆ ಲೆಕ್ಕ ಮತ್ತೊಮ್ಮೆ ಮಾಡು. ನಾವು ಗಪ್ಪ ಇರ್ತೇವಿ."