ಮುಚ್ಚಳದ ಮೇಲಿನ ಮೂರು ಗೆರೆ

ನನ್ನ ಗಂಡನ ಮೂಗಿಗೆ ಮೊದಲ ಗುದ್ದು ಬಿದ್ದಾಗ ನಾನು ಶ್ರೀನಿವಾಸಪುರದಲ್ಲಿ ಅಬ್ದುಲ್ ರಜಾಕ್ ಸಾಬರ ಗ್ಯಾರೇಜಿನ ಮುಂದೆ ಆಟೋ ಇಳಿಯುತ್ತಿದ್ದೆ. ಗುದ್ದಿದವನು ಹೊರಗಿನವನಲ್ಲ, ಅವರ ಬೆನ್ನಿಗೆ ಹುಟ್ಟಿದ ತಮ್ಮ ಗಂಗಾಧರ. ಪಕ್ಕದಲ್ಲಿ ಗಂಗಾಧರನ ಹೆಂಡತಿಯ ಅಣ್ಣ ಮುರಳಿಮೋಹನ ಮಚ್ಚು ಹಿಡಿದು ನಿಂತಿದ್ದ. ಮಾವಿನ ಕೊಂಬೆ ಸವರುವ ಮಚ್ಚು ಅದು, ನಮ್ಮ ತೋಟದ ಶೆಡ್ಡಿನಿಂದಲೇ ಎತ್ತಿಕೊಂಡು ಬಂದಿದ್ದರು. ನಮ್ಮೆಜಮಾನರನ್ನೂ ಅಲ್ಲಿಂದಲೇ ಬೈಕಿನ ನಡುವೆ ಕೂರಿಸಿಕೊಂಡು ಎಳೆದುತಂದಿದ್ದರು.

"ಏನ್ಲಾ ಗಂಗಾಧರ, ಹೆಗಲ ಮೇಲೆ ಎತ್ತಿ ಆಡಿಸ್ದ ಅಣ್ಣನ್ನ ದನ ಬಡಿದಂಗೆ ಬಡೀತೀಯಾ? ನಿನ್ನ ಕೈ ಸೇದೋಗ!" ಅಂತ ಕೂಗಿಕೊಂಡೇ ಒಳಗೆ ನುಗ್ಗಿದೆ.

"ಅತ್ಗೆ, ನೀನು ದೂರ ಇರು," ಅಂದ ಗಂಗಾಧರ. ಅವನ ಕಣ್ಣು ಕೆಂಡವಾಗಿತ್ತು. "ಸಾಬ್ರು ಬಿಚ್ಚಿ ನೋಡ್ಲಿ. ಇವನೇ ಮಾಡಿರೋದು ಅಂತ ಅವರ ಬಾಯಲ್ಲೇ ಬರ್ಲಿ. ಆಮೇಲೆ ಇವನು ಮನೆಗೆ ನಡ್ಕೊಂಡು ಬರಲ್ಲ."

ಆಗಿದ್ದಿಷ್ಟು. ಹಿಂದಿನ ದಿನ ಗಂಗಾಧರನ ಹೆಂಡತಿ ಶ್ವೇತ ಕಾರು ಓಡಿಸಿಕೊಂಡು ಯಲ್ದೂರಿನಿಂದ ಹೊರಟಿದ್ದಳು. ಇಳಿಜಾರಿನಲ್ಲಿ ಕ್ಲಚ್ ಒತ್ತಿದರೆ ಪೆಡಲ್ ಕೆಳಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ಗೇರು ಬೀಳಲಿಲ್ಲ. ಗಾಬರಿಯಲ್ಲಿ ಬ್ರೇಕ್ ತುಳಿದರೆ ಅದೂ ಹಿಡಿಯಲಿಲ್ಲ. ಕಾರು ಮೋರಿ ಕಟ್ಟೆಗೆ ಗುದ್ದಿತು. ಬೆಲ್ಟ್ ಹಾಕಿರಲಿಲ್ಲ ಆ ಹುಡುಗಿ. ದವಡೆ ಸ್ಟೇರಿಂಗಿಗೆ ಬಡಿದು ಮುರಿಯಿತು. ಕೋಲಾರದ ಆಸ್ಪತ್ರೆಯಲ್ಲಿ ಬಾಯಿಗೆ ತಂತಿ ಕಟ್ಟಿಸಿಕೊಂಡು ಮಲಗಿದ್ದಳು.

ಅನುಮಾನ ಇವರ ಮೇಲೆ ಬರುವುದಕ್ಕೆ ಇವರ ಬಾಯೇ ಕಾರಣ. ನಮ್ಮೆಜಮಾನರು ಸೊಣ್ಣಪ್ಪ ಊರಿಗೆಲ್ಲ ಸಾಧು, ಆದರೆ ಸಿಟ್ಟು ಬಂದರೆ ಏನು ಮಾತಾಡುತ್ತಾರೋ ಅವರಿಗೇ ಗೊತ್ತಿರಲ್ಲ. ಮನೆ ಪಾಲಾದಾಗ ಟ್ರ್ಯಾಕ್ಟರ್ ನಮಗೆ ಬಂತು, ಕಾರು ಗಂಗಾಧರನಿಗೆ ಹೋಯಿತು, ಕೊಳವೆಬಾವಿ ಮಾತ್ರ ಇಬ್ಬರಿಗೂ ಉಳಿಯಿತು. ಕರೆಂಟ್ ಬಂದಾಗ ಮೋಟರ್ ಯಾರದು ಅಂತ ಜಗಳ. ಅಂಥದೇ ಜಗಳದಲ್ಲಿ ಒಂದು ದಿನ ಅರಳಿಕಟ್ಟೆಯ ಮುಂದೆ ಇವರು, "ನಿನ್ನ ಕಾರು ಮನೆಗೆ ವಾಪಸ್ ಬರದಂಗೆ ಮಾಡ್ತೀನಿ ನೋಡ್ತಿರು" ಅಂದುಬಿಟ್ಟಿದ್ದರು. ಕೇಳಿದವರು ಊರೆಲ್ಲ ಇದ್ದರು. ನಿಜ ಹೇಳಬೇಕೆಂದರೆ, ಶ್ವೇತಳ ಸುದ್ದಿ ಬಂದಾಗ ನನಗೂ ಇವರ ಮೇಲೇ ಅನುಮಾನ ಬಂದಿತ್ತು. ಇವರ ಮುಖ ನೋಡಿ, ಕೇಳಬೇಕು ಅಂದುಕೊಂಡೆ. ಕೇಳಲು ಧೈರ್ಯ ಬರಲಿಲ್ಲ.

ರಜಾಕ್ ಸಾಬರು ಗಡ್ಡ ನೀವಿಕೊಂಡು ಮಚ್ಚಿನ ಕಡೆ ನೋಡಿದರು. "ಮೊದ್ಲು ಅದನ್ನ ಕೆಳಗಿಡಪ್ಪಾ. ಕತ್ತಿ ಇಟ್ಕೊಂಡು ಕೆಲಸ ಮಾಡಿಸೋ ಜಾಗ ಅಲ್ಲ ಇದು."

"ನೀನು ಬಿಚ್ಚು ಸಾಬಿ," ಅಂದ ಮುರಳಿ. ಮಚ್ಚು ಕೆಳಗಿಡಲಿಲ್ಲ.

ಸಾಬರು ಬಾನೆಟ್ ಎತ್ತಿದರು. ಇವರೂ ಮೂಗಿನ ರಕ್ತ ಒರೆಸಿಕೊಳ್ಳುತ್ತ ಒಳಗೆ ಇಣುಕಿದರು. ಏನು ಕಂಡಿತೋ ಏನೋ, ಅದುವರೆಗೆ "ನಾನಲ್ಲ ಕಣೋ, ನಾನಲ್ಲ ಕಣೋ" ಅನ್ನುತ್ತಿದ್ದವರು ಒಮ್ಮೆಗೇ ಬಾಯಿ ಮುಚ್ಚಿಕೊಂಡರು. ತಲೆ ತಗ್ಗಿಸಿದರು. ಅಯ್ಯೋ ದೇವರೇ, ಇವರೇ ಮಾಡಿದ್ದಾರೆ ಅಂದುಕೊಂಡೆ.

"ಈ ಕಾರಿಗೆ ಕ್ಲಚ್ಚಿಗೂ ಬ್ರೇಕಿಗೂ ಇದೊಂದೇ ಡಬ್ಬಿ. ಬ್ರೇಕ್ ಆಯಿಲ್ ಇಲ್ಲಿಂದಾನೇ ಎರಡೂ ಕಡೆ ಹೋಗೋದು," ಅಂತ ಸಾಬರು ತೋರಿಸಿದರು. ಡಬ್ಬಿಯ ಮುಚ್ಚಳಕ್ಕೆ ಆಯುಧಪೂಜೆಯ ಅರಿಶಿನದ ದಾರ ಬಿಗಿಯಾಗಿ ಸುತ್ತಿತ್ತು. ಅದನ್ನು ಕಿತ್ತು, ಮುಚ್ಚಳ ತಿರುಗಿಸಿ ಪಕ್ಕದ ಡ್ರಮ್ಮಿನ ಮೇಲಿಟ್ಟರು. "ಡಬ್ಬಿ ತುಂಬಿದೆ." ಆಮೇಲೆ ಕಾರಿನ ಕೆಳಗೆ ತೂರಿಕೊಂಡು ಪೈಪನ್ನೆಲ್ಲ ಕೈಯಲ್ಲಿ ಸವರಿ ಬಂದರು. "ಎಲ್ಲೂ ಕುಯ್ದಿಲ್ಲ. ಒಂದು ತೊಟ್ಟು ಸೋರಿಲ್ಲ."

"ಕೇಳಿಸ್ತೇನ್ರೋ?" ಅಂದೆ ನಾನು.

"ಹಂಗಾದ್ರೆ ಪೆಡಲ್ ಯಾಕೆ ಕೂತ್ಕೊಂತು?" ಅಂತ ಗಂಗಾಧರ ಅರಚಿದ.

ಸಾಬರು ಅವಸರ ಮಾಡಲಿಲ್ಲ. ಕ್ಲಚ್ ಪೆಡಲ್ ಹಿಂದಿನ ಸಿಲಿಂಡರ್ ಬಿಚ್ಚಿ, ಒಳಗಿನ ರಬ್ಬರನ್ನು ಹೊರಗೆಳೆದರು. ಹೊಸ ರಬ್ಬರ್ ಒಂದನ್ನು ಅದರ ಪಕ್ಕ ಹಿಡಿದರು. ಹಳೆಯದು ನೀರಲ್ಲಿ ನೆನೆದ ಕಡಲೆಕಾಳಿನ ಹಾಗೆ ಊದಿಕೊಂಡು, ಬೆರಳಿಗೆ ಮೆತ್ತಗೆ ಹತ್ತುತ್ತಿತ್ತು. ಸಾಬರ ಮುಖ ಬದಲಾಯಿತು. ಕುಡಿಯುವ ನೀರಿನ ಸ್ಟೀಲ್ ಲೋಟ ತಂದು, ಡಬ್ಬಿಯಲ್ಲಿದ್ದದ್ದನ್ನು ನಾಲ್ಕು ಹನಿ ಅದಕ್ಕೆ ಬಿಟ್ಟರು. ಹನಿಗಳು ಸಾರಿನ ಮೇಲಿನ ಒಗ್ಗರಣೆಯಂತೆ ತೇಲಿದವು.

"ಬ್ರೇಕ್ ಆಯಿಲ್ ಆಗಿದ್ರೆ ನೀರಲ್ಲಿ ಬೆರೆತುಹೋಗ್ತಿತ್ತು," ಅಂದರು ನಿಧಾನವಾಗಿ. "ಇದು ಬೇರೆ. ಟ್ರ್ಯಾಕ್ಟರಿಗೆ ಹಾಕೋ ಎಣ್ಣೆ. ಇದು ಬಿದ್ರೆ ರಬ್ಬರೆಲ್ಲ ಊದಿ ಕೆಟ್ಟೋಗುತ್ತೆ, ಕ್ಲಚ್ಚೂ ಬ್ರೇಕೂ ಎರಡೂ. ಯಾರು ಹಾಕಿದ್ರೋ ನನಗೆ ಗೊತ್ತಿಲ್ಲ."

ಟ್ರ್ಯಾಕ್ಟರ್ ಇದ್ದದ್ದು ನಮ್ಮ ಮನೆಯಲ್ಲಿ. ಅಷ್ಟು ಸಾಕಾಯಿತು.

ಗಂಗಾಧರ ನೆಲದಲ್ಲಿದ್ದ ವೀಲ್ ಸ್ಪ್ಯಾನರ್ ಎತ್ತಿ ಇವರ ಪಕ್ಕೆಗೆ ಬಾರಿಸಿದ. ಲಟಕ್ಕೆಂದ ಸದ್ದು ನನಗೆ ಕೇಳಿಸಿತು. ಇವರು ಬಾಗಿದರು, ಬೆನ್ನಿಗೆ ಇನ್ನೊಂದು ಬಿತ್ತು. ಕೂದಲು ಹಿಡಿದು ಎತ್ತಿ ಮುಖವನ್ನು ಕಾರಿನ ಮಡ್ಗಾರ್ಡಿಗೆ ಗುದ್ದಿದ. ಸಾಬರು ಬಿಡಿಸಲು ಹೋದರೆ ಮುರಳಿ ಅವರ ಎದೆಗೆ ಒದ್ದ. ನಾನು ಗಂಗಾಧರನ ತೋಳು ಕಚ್ಚಿದೆ, ಚಪ್ಪಲಿ ಕಿತ್ತು ತಲೆಗೆ ಹೊಡೆದೆ, ಅವನು ಕೊಡವಿದ ಏಟಿಗೆ ಹೋಗಿ ಗೋಡೆಗೆ ಬಿದ್ದೆ. ಇಷ್ಟಾದರೂ ಇವರು ಕೈ ಎತ್ತಲಿಲ್ಲ.

"ಬಾಯಿ ಬಿಡ್ರೀ! ಇಲ್ಲ ಅಂತಾದ್ರೂ ಅನ್ರೀ!" ಅಂತ ಚೀರಿದೆ.

"ಏನಂತಾನೆ? ಬಾಯೆಲ್ಲಿದೆ ಇವನಿಗೆ? ನನ್ನ ತಂಗಿ ಬಾಯಿ ಮುರಿದವ್ನೆ," ಅಂದ ಮುರಳಿ. ಇವರ ಕತ್ತನ್ನು ಎಡಗೈಯಲ್ಲಿ ಡ್ರಮ್ಮಿನ ಮೇಲೆ ಒತ್ತಿ ಹಿಡಿದು ಮಚ್ಚು ಎತ್ತಿದ. "ಚಂಪೇಸ್ತಾ ನಿನ್ನ, ಕೊಂದೇ ಹಾಕ್ತೀನಿ!"

ಡ್ರಮ್ ಅಲ್ಲಾಡಿ ಆ ಮುಚ್ಚಳ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ಅದರ ಮೇಲೆ ವಿಭೂತಿ ಇತ್ತು. ಒಣಗಿ, ಅಂಟಿಕೊಂಡು, ಮೂರು ಗೆರೆ.

ನಮ್ಮ ಮಾವನವರು ಹಾಕಿಕೊಟ್ಟ ಪದ್ಧತಿಯೊಂದಿದೆ. ಆಯುಧಪೂಜೆಯ ದಿನ ಮನೆಯ ಯಾವ ಯಂತ್ರದ ಹೊಟ್ಟೆಯೂ ಖಾಲಿ ಇರಬಾರದು. ಔಷಧಿ ಹೊಡೆಯುವ ಪಂಪಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಎಣ್ಣೆ ತುಂಬಬೇಕು. ಎಣ್ಣೆ ಹುಯ್ದ ಕೈಯೇ ಮುಚ್ಚಳ ಹಾಕಿ ವಿಭೂತಿ ಎಳೆಯಬೇಕು, ದಾರ ಸುತ್ತಬೇಕು. ಮಾವ ಹೋದ ಮೇಲೆ ಇಷ್ಟು ವರ್ಷವೂ ಎಲ್ಲವನ್ನೂ ಇವರೇ ಮಾಡುತ್ತಿದ್ದರು. ಇವರ ಬಲಗೈಯಲ್ಲಿ ಉಂಗುರದ ಬೆರಳಿಲ್ಲ, ಟ್ರ್ಯಾಕ್ಟರಿನ ಬೆಲ್ಟಿಗೆ ಸಿಕ್ಕಿ ಹೋಗಿದ್ದು. ಇವರು ಎಳೆದರೆ ಎರಡೇ ಗೆರೆ. ನಮ್ಮ ಮನೆಯ ಪ್ರತಿ ಯಂತ್ರದ ಮೇಲೂ ಎರಡೇ ಗೆರೆ. ಪಾಲಾದ ಮೇಲೆ ಮೊದಲ ಆಯುಧಪೂಜೆ ಇದಕ್ಕೆ ಒಂದು ತಿಂಗಳ ಹಿಂದೆ ಬಂದಿತ್ತು, ಅವರವರ ಯಂತ್ರಕ್ಕೆ ಅವರವರೇ ಮಾಡಿಕೊಂಡಿದ್ದರು.

"ನಿಲ್ಸೋ ಮುರಳಿ! ಇದನ್ನ ನೋಡೋ!" ಅಂತ ಮುಚ್ಚಳ ಎತ್ತಿ ಹಿಡಿದೆ.

ಇವರು ಡ್ರಮ್ಮಿನ ಮೇಲೆ ಒತ್ತಿಕೊಂಡ ಮುಖದಲ್ಲೇ ನನ್ನ ಕಡೆ ನೋಡಿದರು. "ಬೇಡ ಕಣೇ ಸುನಂದ, ಬೇಡ," ಅಂದರು. ಬಾನೆಟ್ ಎತ್ತಿದಾಗ ಇವರು ನೋಡಿದ್ದು ಇದನ್ನೇ ಅಂತ ನನಗೆ ಆಗ ಹೊಳೆಯಿತು. ಗೊತ್ತಿದ್ದೂ ಏಟು ತಿಂದಿದ್ದರು. ಯಾಕೆ ಅಂತ ಯೋಚಿಸುವಷ್ಟು ಪುರಸೊತ್ತು ಮಚ್ಚು ನನಗೆ ಕೊಡಲಿಲ್ಲ.

"ಗಂಗಾಧರ, ನಿಮ್ಮಣ್ಣ ಎಳೆದ್ರೆ ಎಷ್ಟು ಗೆರೆ ಬೀಳುತ್ತೋ? ಇಲ್ಲಿ ಎಷ್ಟವೆ ಎಣಿಸು! ದಾರ ಕಿತ್ತಿದ್ದು ಈಗ, ಸಾಬ್ರು. ಹಬ್ಬದಿಂದ ಈಚೆಗೆ ಯಾರೂ ಇದನ್ನ ಮುಟ್ಟಿಲ್ಲ. ಎಣ್ಣೆ ಹುಯ್ದಿದ್ದು ಯಾವ ಕೈ ಹೇಳು!"

ಗಂಗಾಧರ ಮುಚ್ಚಳವನ್ನೇ ನೋಡಿದ. "ನಾನೇ ಹುಯ್ದಿದ್ದು," ಅಂದ. "ಆದ್ರೆ ಟ್ರ್ಯಾಕ್ಟರ್ ಎಣ್ಣೆ ಅಲ್ಲ ಅತ್ಗೆ. ಕಾರು ಕಲಿಸೋರು ಇದು ಹೈಡ್ರಾಲಿಕ್ ಕ್ಲಚ್ಚು ಅಂದಿದ್ರು. ಅಂಗಡೀಲಿ ಹೈಡ್ರಾಲಿಕ್ ಆಯಿಲ್ಲೇ ಕೊಡಿ ಅಂತ ಕೇಳಿ ತಂದೆ."

ನೆಲದಲ್ಲಿ ಎದೆ ಹಿಡಿದು ಕೂತಿದ್ದ ಸಾಬರು ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಈ ಮಾವಿನ ಸೀಮೇಲಿ ಹೈಡ್ರಾಲಿಕ್ ಆಯಿಲ್ ಅಂದ್ರೆ ಟ್ರೇಲರ್ ಎತ್ತೋ ಟ್ರ್ಯಾಕ್ಟರ್ ಎಣ್ಣೇನೇ ಕೊಡ್ತಾರೆ ಕಣಪ್ಪಾ! ಬ್ರೇಕ್ ಆಯಿಲ್ ಅಂತ ಕೇಳ್ಬೇಕಿತ್ತು!"

ಮುರಳಿ ಇವರ ಕತ್ತು ಬಿಟ್ಟ. ಆದರೆ ಮಚ್ಚು ಕೆಳಗಿಳಿದಿರಲಿಲ್ಲ, ಬರೀ ದಿಕ್ಕು ಬದಲಾಯಿಸಿತ್ತು. "ನೀನಾ?" ಅಂದ ಗಂಗಾಧರನನ್ನು ನೋಡಿ. "ನನ್ನ ತಂಗೀನ ನೀನೇ..." ಮಾತು ಮುಗಿಸಲಿಲ್ಲ. ನೇರ ತಲೆಗೇ ಬೀಸಿದ. ಗಂಗಾಧರ ಕದಲಲೂ ಇಲ್ಲ, ಹಾಕು ಅನ್ನುವ ಹಾಗೆ ನಿಂತಿದ್ದ.

ಪಕ್ಕೆ ಮುರಿದ ಮನುಷ್ಯ ಅಷ್ಟು ಬೇಗ ಹೇಗೆ ಎದ್ದರೋ ನನಗೆ ಇವತ್ತಿಗೂ ತಿಳಿಯದು. ಇವರು ತಮ್ಮನನ್ನು ತಳ್ಳಿ ಬಲಗೈ ಅಡ್ಡ ಕೊಟ್ಟರು. ಮಚ್ಚು ಮುಂಗೈಗೆ ಮೂಳೆಯವರೆಗೆ ಇಳಿಯಿತು. ರಕ್ತ ಸಾಬರ ಲೋಟದೊಳಕ್ಕೂ ಚಿಮ್ಮಿತು. ಮುರಳಿ ಮಚ್ಚು ಬಿಸಾಡಿ ಓಡಿದ. ಎರಡು ದಿನಕ್ಕೆ ಮುಳಬಾಗಿಲಿನಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದ. ನಾನು ಸೀರೆ ಸೆರಗು ಹರಿದು ಕಟ್ಟಿದೆ. ಸಾಬರು ತಮ್ಮ ಲಗೇಜ್ ಆಟೋದಲ್ಲೇ ಕೋಲಾರಕ್ಕೆ ಹಾರಿಸಿಕೊಂಡು ಹೋದರು. ದಾರಿಯುದ್ದಕ್ಕೂ ಗಂಗಾಧರ ಅಣ್ಣನ ಕಾಲು ಹಿಡಿದು ಹೋ ಅಂತ ಅಳುತ್ತಿದ್ದ.

"ನೋಡ್ದೇನೇ?" ಅಂದರು ಇವರು ನನ್ನ ಮಡಿಲಲ್ಲಿ. "ಹೇಳಿದ್ರೆ ಮುರಳಿ ಇವನನ್ನ ಕಡಿದುಬಿಡ್ತಿದ್ದ. ಅದಕ್ಕೇ ಬೇಡ ಅಂದೆ."

"ನೀವು ಸತ್ತೋಗಿದ್ರೆ ನಾನೇನ್ರೀ ಮಾಡ್ಲಿ? ಅದನ್ನ ಯೋಚ್ನೆ ಮಾಡಿದ್ರಾ?" ಅಂತ ಬೈದೆ. ಬೈಯುತ್ತಲೇ ಅತ್ತೆ. ನಾನು ಬಾಯಿ ಬಿಟ್ಟಿದ್ದಕ್ಕೆ ಆ ಕೈ ಹೋಯಿತು, ಬಿಡದಿದ್ದರೆ ಕತ್ತು ಹೋಗುತ್ತಿತ್ತು. ಮತ್ತೆ ಅದೇ ಗಳಿಗೆ ಬಂದರೂ ನಾನು ಬಾಯಿ ಬಿಡುವವಳೇ.

ಪ್ರಾಣ ಉಳಿಯಿತು. ಕೈ ಇದೆ, ಬೆರಳುಗಳು ಬಿಚ್ಚುವುದಿಲ್ಲ. ಶ್ವೇತ ಬಾಯಿಯ ತಂತಿ ತೆಗೆಸಿಕೊಂಡು ಮನೆಗೆ ಬಂದ ವಾರ ಸಾಬರು ಹೇಳಿಕಳಿಸಿದರು. ಕ್ಲಚ್ಚಿನದೂ ಬ್ರೇಕಿನದೂ ರಬ್ಬರೆಲ್ಲ ಬದಲಾಯಿಸಿ, ಪೈಪ್ ತೊಳೆದು ಮುಗಿಸಿದ್ದರು. ಒಳಗೆ ಸೇರಿದ ಗಾಳಿ ತೆಗೆಯುವುದು ಮಾತ್ರ ಉಳಿದಿತ್ತು. ಅದಕ್ಕೆ ಇಬ್ಬರು ಬೇಕು, ಒಬ್ಬರು ಕಾರಿನ ಕೆಳಗೆ, ಒಬ್ಬರು ಪೆಡಲ್ ಮೇಲೆ. ನಾವು ಗ್ಯಾರೇಜಿಗೆ ಹೋದಾಗ ಗಂಗಾಧರ ಗೇಟಿನ ಹೊರಗೇ ನಿಂತಿದ್ದ.

"ಬಾರೋ ಒಳಗೆ. ಕೈ ಮಾಡಿದ್ದು ಸಾಕು, ಈಗ ಕಾಲಾದ್ರೂ ಉಪಯೋಗಕ್ಕೆ ಬರ್ಲಿ," ಅಂದೆ.

ಬಂದು ಕೂತ. ಕೆಳಗಿಂದ ಸಾಬರು ಕೂಗುತ್ತಿದ್ದರು: "ಒತ್ತು... ಹಿಡ್ಕೋ... ಹಾಂ, ಬಿಡು." ಇವರು ಎಡಗೈಯಲ್ಲಿ ಬಾಟಲಿ ಹಿಡಿದು ಡಬ್ಬಿ ಖಾಲಿಯಾಗದಂತೆ ಹೊಸ ಬ್ರೇಕ್ ಆಯಿಲ್ ಹುಯ್ಯುತ್ತಿದ್ದರು. ಗುಳ್ಳೆ ಬರುವುದು ನಿಂತಿತು, ಪೆಡಲ್ ಗಟ್ಟಿಯಾಯಿತು. ಸಾಬರು ಮುಚ್ಚಳ ತೊಳೆದು ಕೊಟ್ಟರು.

ಹುಯ್ದ ಕೈಯೇ ಎಳೆಯಬೇಕಲ್ಲ. ನಾನು ವಿಭೂತಿ ನೆನೆಸಿ ಕೊಟ್ಟೆ. "ಎಡಗೈಯಲ್ಲಿ ಎಳೀರಿ," ಅಂದೆ. "ವಿಭೂತಿ ಎಡಗೈಲಿ ಎಳೀತಾರೇನೇ?" ಅಂತ ಗದರಿ, ಮುದುಡಿದ ಬಲಗೈಯನ್ನೇ ಅದ್ದಿ ಮುಚ್ಚಳದ ಮೇಲೆ ಎಳೆದರು. ಗೆರೆ ಮೂಡಲಿಲ್ಲ. ಬರೀ ಒಂದು ಬಿಳಿ ಮುದ್ದೆ ಬಳಿದುಕೊಂಡಿತು. ಗಂಗಾಧರ ಅದನ್ನು ನೋಡಿ, ಸ್ಟೇರಿಂಗಿಗೆ ಹಣೆ ಕೊಟ್ಟು ಅತ್ತ.

ಆ ಮುದ್ದೆ ಹಾಗೇ ಇದೆ, ಒರೆಸಲು ನಾನು ಯಾರಿಗೂ ಬಿಟ್ಟಿಲ್ಲ. ಬಾನೆಟ್ ಎತ್ತಿದಾಗೆಲ್ಲ ಅವನ ಕಣ್ಣು ತುಂಬುತ್ತದೆ. ತುಂಬಲಿ. ಈಗ ದಿನಾ ಬೆಳಿಗ್ಗೆ ಅಣ್ಣನಿಗೆ ತಟ್ಟೆಯಲ್ಲಿ ಮುದ್ದೆ ಮುರಿದುಕೊಡುವವನು ಅವನೇ. ನನಗೆ ಮಾತ್ರ ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.